ಸೈಕ್ಲೋಕ್ರಾಸ್: ‘ಅಡ್ಡ’ ಬೇಡ, ‘ಹೊತ್ತು’ ಗೊಂದಲ, ‘ವಾಲು’ ಅನುಮಾನ

ಪದಗಳ ಒಂದು ಗಂಟು ತಂದಿದ್ದೇನೆ. ಬಿಚ್ಚೋಕೆ ಕೈ ಸೇರಿಸಿ.

ನಾನು ಹವ್ಯಾಸಕ್ಕೆ ಸೈಕ್ಲೋಕ್ರಾಸ್ ರೇಸಿಗೆ ಇಳಿಯುವವಳು. ಗೆಲ್ಲುವವರ ಪೈಕಿ ಅಲ್ಲ. ಕೊನೆಯ ಸುತ್ತಿಗೆ ಉಸಿರು ಉಳಿದರೆ ಅದೇ ದೊಡ್ಡದು ಅನ್ನುವವರ ಪೈಕಿ. ನಮ್ಮ ವಲಯದ ಹವ್ಯಾಸಿಗಳೇ ಸೇರಿ ನಡೆಸುವ ಸಣ್ಣ ರೇಸ್ ಸರಣಿ ಇದೆ. ಅಲ್ಲಿಗೆ ಬರುವ ಹೊಸಬರಲ್ಲಿ ಕನ್ನಡದವರೂ ಇದ್ದಾರೆ. ಅವರಿಗೊಂದು ಎರಡು ಪುಟದ ಕೈಪಿಡಿ ಬರೆದುಕೊಡು ಅಂತ ನನಗೆ ಹೇಳಿದರು. ಎರಡೇ ಪುಟ ತಾನೇ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಆಯಿತು, ಇನ್ನೂ ಮುಗಿದಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹುಲ್ಲು, ಕೆಸರು, ಮರಳು, ಮೆಟ್ಟಿಲು ಎಲ್ಲ ಇರುವ ಒಂದು ಸುತ್ತುದಾರಿ. ಅಂತರರಾಷ್ಟ್ರೀಯ ನಿಯಮದಲ್ಲಿ ಅದು 2.5ರಿಂದ 3.5 ಕಿಲೋಮೀಟರ್. ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ಸೈಕಲ್ ನೋಡೋಕೆ ರಸ್ತೆ ರೇಸಿನದ್ದರ ಹಾಗೇ ಇರುತ್ತದೆ, ಬಗ್ಗಿದ ಹ್ಯಾಂಡಲ್ ಸಮೇತ. ಟೈರ್ ಮಾತ್ರ ಸ್ವಲ್ಪ ದಪ್ಪ, ಅದರಲ್ಲಿ ಕಚ್ಚುಗಳು. ದೊಡ್ಡ ಮಟ್ಟದ ರೇಸಿನಲ್ಲಿ ಟೈರಿನ ಅಗಲ 33 ಮಿಲಿಮೀಟರ್ ದಾಟುವಂತಿಲ್ಲ. ದಾರಿಯಲ್ಲಿ ತುಳಿಯೋಕೆ ಆಗದ ಜಾಗಗಳು ಬರುತ್ತವೆ, ಕೆಲವನ್ನು ಬೇಕಂತಲೇ ಮಾಡಿಟ್ಟಿರುತ್ತಾರೆ. ಅಲ್ಲಿ ಇಳಿದು, ಸೈಕಲ್ ಹೊತ್ತುಕೊಂಡು ಓಡಬೇಕು.

ಮೊದಲ ಪೇಚು ಹೆಸರಿನದ್ದೇ. ‘ಕ್ರಾಸ್’ ಅಂದ ಕೂಡಲೇ ನಮ್ಮ ಕೈ ‘ಅಡ್ಡ’ದ ಕಡೆ ಹೋಗುತ್ತದೆ. ಕ್ರಾಸ್ ರೋಡ್ ಅಡ್ಡರಸ್ತೆ ಆಯಿತಲ್ಲ, ಹಾಗೆ. ಗೆಳತಿಯೊಬ್ಬಳು ‘ಅಡ್ಡದಾರಿ ಸೈಕಲ್ ರೇಸ್’ ಅಂತ ಇಡು ಅಂದಳು. ಅಮ್ಮನಿಗೆ ಫೋನ್ ಮಾಡಿ ‘ಈ ಭಾನುವಾರ ಅಡ್ಡದಾರಿ ಹಿಡೀತಿದೀನಿ’ ಅಂತ ಹೇಳಿ ನೋಡಿ ಒಂದ್ಸಲ! ಕನ್ನಡದಲ್ಲಿ ‘ಅಡ್ಡ’ ಸುಮ್ಮನೆ ದಿಕ್ಕು ತೋರಿಸುವ ಪದ ಅಲ್ಲ. ಅಡ್ಡಗಾಲು, ಅಡ್ಡಮಾತು, ಅಡ್ಡಕಸುಬಿ ಎಲ್ಲದರಲ್ಲೂ ಒಂದು ತಕರಾರಿನ ವಾಸನೆ ಇದೆ. ‘ಅಡ್ಡಬೀಳು’ ಒಂದೇ ಈ ಆಟಕ್ಕೆ ಒಪ್ಪುವ ಪದ. ಕೆಸರಿಗೆ ನಾವು ಸುತ್ತಿಗೊಂದು ಸಲ ಅಡ್ಡಬೀಳುತ್ತೇವೆ, ಭಕ್ತಿ ಇಲ್ಲದೆ.

ಅರ್ಥದ ಕಡೆಯಿಂದಲೂ ಅದು ತಪ್ಪೇ. ಇಲ್ಲಿಯ ‘ಕ್ರಾಸ್’ ಬಂದದ್ದು ‘ಕ್ರಾಸ್ ಕಂಟ್ರಿ’ಯಿಂದ. ಈ ಆಟ ಶುರುವಾದದ್ದು ಫ್ರಾನ್ಸಿನಲ್ಲಿ. ಡಾನಿಯೆಲ್ ಗುಸ್ಸೋ ಎಂಬಾತ 1902ರಲ್ಲಿ ಅಲ್ಲಿನ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿದ. ಚಳಿಗಾಲದಲ್ಲಿ ಮೈ ಪಳಗಿರಲಿ ಅಂತ ರಸ್ತೆ ಸವಾರರು ಹೊಲ, ಕಾಡು, ಬೇಲಿ ಎಲ್ಲ ಹಾದು ಹೋಗುತ್ತಿದ್ದರು. ಕ್ರಾಸ್ ಕಂಟ್ರಿ ಓಟಕ್ಕೆ ಫ್ರೆಂಚರು ಇಂಗ್ಲಿಷಿನ ‘ಕ್ರಾಸ್’ ಅನ್ನೇ ಎರವಲು ತಂದು ಇಟ್ಟುಕೊಂಡಿದ್ದಾರೆ. ಅದಕ್ಕೆ ಸೈಕಲ್ ಸೇರಿ ಸೈಕ್ಲೋಕ್ರಾಸ್ ಆಯಿತು. ಅಂದರೆ ಇಲ್ಲಿ ಅಡ್ಡ ಏನೂ ಇಲ್ಲ, ‘ಹಾಯುವುದು’ ಇದೆ. ಹೊಳೆ ಹಾಯು, ಹೊಲ ಹಾಯು ಅನ್ನುತ್ತೇವಲ್ಲ, ಆ ಹಾಯು.

ಹಾಗಾದರೆ ಪತ್ರಿಕೆಯವರು ಕ್ರಾಸ್ ಕಂಟ್ರಿಗೆ ಬಳಸುವ ‘ಗುಡ್ಡಗಾಡು ಓಟ’ದ ಜಾಡು ಹಿಡಿದು ‘ಗುಡ್ಡಗಾಡು ಸೈಕಲ್ ಓಟ’ ಅಂದರೆ? ಇದನ್ನು ನಾನು ಒಂದು ವಾರ ಇಟ್ಟುಕೊಂಡಿದ್ದೆ. ಆಮೇಲೆ ಬಿಟ್ಟೆ. ಆ ಹೆಸರು ಕೇಳಿದವರು ಮೌಂಟನ್ ಬೈಕ್ ತಂದು ನಿಲ್ಲುತ್ತಾರೆ. ಅದು ಬೇರೆಯೇ ಆಟ. ಸೈಕ್ಲೋಕ್ರಾಸಿಗೆ ಗುಡ್ಡವೂ ಬೇಡ, ಗಾಡೂ ಬೇಡ, ಒಂದು ಪಾರ್ಕು ಸಾಕು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಕಡೆಯವರು ಈ ಆಟದ ಹುಚ್ಚರು. ಅವರ ಡಚ್ ನುಡಿಯಲ್ಲಿ ಇದಕ್ಕೆ ‘ಫೆಲ್ಟ್‌ರೈಡನ್’ ಅನ್ನುತ್ತಾರೆ. ಫೆಲ್ಟ್ ಅಂದರೆ ಹೊಲ, ರೈಡನ್ ಅಂದರೆ ಸವಾರಿ. ಎಷ್ಟು ಸಲೀಸು ನೋಡಿ. ನಮ್ಮಲ್ಲಿ ‘ಹೊಲಸವಾರಿ’ ಅಂದರೆ ಕೇಳುವವರ ಕಿವಿಗೆ ‘ಹೊಲಸು’ ಮೊದಲು ಬೀಳುತ್ತದೆ. ರೇಸು ಮುಗಿದ ಮೇಲೆ ನಮ್ಮ ಬಟ್ಟೆ ನೋಡಿದರೆ ಅದೂ ತಪ್ಪೇನಲ್ಲ, ಆದರೂ ಬೇಡ. ಹೆಸರನ್ನು ‘ಸೈಕ್ಲೋಕ್ರಾಸ್’ ಅಂತಲೇ ಬಿಡುವುದು ಅಂತ ತೀರ್ಮಾನಿಸಿದ್ದೇನೆ. ಕ್ರಿಕೆಟ್ಟಿಗೆ ಕನ್ನಡ ಹುಡುಕದೆಯೇ ನಾವು ಆಡಿಕೊಂಡು ಬಂದಿಲ್ಲವೇ?

‘ಸೈಕಲ್ ಓಟ’ ಅನ್ನೋದನ್ನೂ ಕೈಪಿಡಿಯಿಂದ ತೆಗೆದೆ. ರಸ್ತೆ ರೇಸಿಗೆ ಅದು ಸರಿ, ಅಲ್ಲಿ ಯಾರೂ ನಿಜವಾಗಿ ಓಡುವುದಿಲ್ಲ. ಇಲ್ಲಿ ಓಡುತ್ತಾರೆ. ‘ಓಟದ ನಡುವೆ ಓಟ ಬಂದಾಗ’ ಅಂತ ಒಂದು ವಾಕ್ಯ ಬರೆದು ನಾನೇ ನಕ್ಕೆ. ಈಗ ಸ್ಪರ್ಧೆಗೆಲ್ಲ ‘ರೇಸ್’, ಕಾಲಿನಲ್ಲಿ ಓಡುವುದಕ್ಕೆ ಮಾತ್ರ ‘ಓಟ’.

ಇನ್ನು ನಿಜವಾದ ಪೇಚಿಗೆ ಬರುತ್ತೇನೆ. ಹೋದ ತಿಂಗಳು ಅಮ್ಮನಿಗೆ ಒಂದು ವಿಡಿಯೊ ಕಳಿಸಿದ್ದೆ. ಕಡಿದಾದ ಏರು, ಮಳೆ ಬಿದ್ದ ಮಣ್ಣು, ನಾನು ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದು ಓಡುತ್ತಿದ್ದೇನೆ. ಫೋನ್ ಬಂತು.

“ಅಲ್ವೇ, ಸೈಕಲ್ ನಿನ್ನ ಹೊರಬೇಕೋ, ನೀನು ಸೈಕಲ್ ಹೊರಬೇಕೋ?”

“ಅಲ್ಲಿ ತುಳಿಯೋಕಾಗಲ್ಲ ಅಮ್ಮಾ, ಹೊತ್ಕೊಂಡೇ ಹೋಗ್ಬೇಕು.”

“ಎಷ್ಟು ಹೊತ್ತು ಹೊತ್ತೆ?”

ಅಮ್ಮ ತಮಾಷೆಗೆ ಹೇಳಿದ್ದಲ್ಲ, ಕಾಳಜಿಗೆ ಕೇಳಿದ್ದು. ಆದರೆ ನನ್ನ ಕೈಪಿಡಿಯ ರೋಗ ಅಲ್ಲೇ ಇತ್ತು. ಈ ರೇಸು ಇಷ್ಟು ಕಿಲೋಮೀಟರ್ ಅಂತ ಅಲ್ಲ, ಇಷ್ಟು ಹೊತ್ತು ಅಂತ ನಡೆಯುತ್ತದೆ. ದೊಡ್ಡ ಮಟ್ಟದಲ್ಲಿ ಗಂಡಸರ ರೇಸು ಸುಮಾರು ಒಂದು ಗಂಟೆ, ನಮ್ಮಂಥವರದ್ದು ಸಾಮಾನ್ಯವಾಗಿ 30ರಿಂದ 45 ನಿಮಿಷ. ಹಾಗಾಗಿ ಎರಡು ಸಾಲಿಗೊಮ್ಮೆ ‘ಹೊತ್ತು’ ಬರುತ್ತದೆ. ಅದರ ಪಕ್ಕದಲ್ಲೇ ಸೈಕಲ್ ‘ಹೊತ್ತು’ ಓಡುವುದು. ‘ಜಾಸ್ತಿ ಹೊತ್ತು ಹೊತ್ತು ಓಡಬೇಡಿ’ ಅಂತ ಬರೆದಿಟ್ಟಿದ್ದೆ! ಇದು ಸಾಲದು ಅಂತ ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಒಂದು ಗಂಟೆಯ ರೇಸಿನಲ್ಲಿ ‘ಗಂಟೆ ಆಯಿತು’ ಅಂದರೆ ಮುಗಿಯಿತು ಅಂತಲೋ, ಇನ್ನೊಂದು ಸುತ್ತು ಇದೆ ಅಂತಲೋ? ಈಗ ಸಮಯಕ್ಕೆ ‘ನಿಮಿಷ’ ಅಂತಲೇ ಬರೆದು, ‘ಹೊತ್ತು’ವನ್ನು ಹೆಗಲಿಗೆ ಬಿಟ್ಟಿದ್ದೇನೆ. ಬಾರಿಸುವುದು ‘ಕೊನೆ ಸುತ್ತಿನ ಗಂಟೆ’.

ಹೊರುವುದಕ್ಕೂ ಎತ್ತುವುದಕ್ಕೂ ಇರುವ ವ್ಯತ್ಯಾಸ ಮಾತ್ರ ನನಗೆ ತುಂಬ ಉಪಯೋಗಕ್ಕೆ ಬಂತು. ದಾರಿಗೆ ಅಡ್ಡವಾಗಿ ಎರಡು ಹಲಗೆ ನಿಲ್ಲಿಸಿರುತ್ತಾರೆ. ಎತ್ತರ ಹೆಚ್ಚೆಂದರೆ 40 ಸೆಂಟಿಮೀಟರ್, ನಡುವೆ 4 ಮೀಟರ್ ಜಾಗ. ಅಲ್ಲಿ ಎಡಗಡೆ ಇಳಿದು, ಸೈಕಲಿನ ಮೇಲಿನ ಕೊಳವೆಯನ್ನು ಬಲಗೈಯಲ್ಲಿ ಹಿಡಿದು, ಸೂಟ್‌ಕೇಸಿನ ಹಾಗೆ ಎತ್ತಿ ದಾಟಬೇಕು. ಇದು ‘ಎತ್ತುವುದು’. ಉದ್ದ ಏರು ಬಂದರೆ ಬಲಗೈಯನ್ನು ಚೌಕಟ್ಟಿನ ಒಳಗಿಂದ ತೂರಿಸಿ, ಮೇಲಿನ ಕೊಳವೆಯನ್ನು ಬಲ ಹೆಗಲ ಮೇಲೆ ಕೂರಿಸಿ, ಅದೇ ಕೈಯಲ್ಲಿ ಹ್ಯಾಂಡಲಿನ ಎಡತುದಿ ಹಿಡಿಯಬೇಕು. ಆಗ ಚಕ್ರ ಅತ್ತಿತ್ತ ಹೊಯ್ದಾಡುವುದಿಲ್ಲ, ಎಡಗೈ ಬೀಸೋಕೆ ಖಾಲಿ ಉಳಿಯುತ್ತದೆ. ಇದು ‘ಹೊರುವುದು’. ಹೊಸಬರು ಹಲಗೆ ಹತ್ತಿರ ಹೊರುತ್ತಾರೆ, ಏರಿನಲ್ಲಿ ಎತ್ತುತ್ತಾರೆ. ಎರಡೂ ಕಡೆ ಸುಸ್ತು. ‘ಹಲಗೆಗೆ ಎತ್ತಿ, ಏರಿಗೆ ಹೊರಿ’ ಅಂತ ಬರೆದ ಮೇಲೆ ಒಂದು ಪ್ಯಾರಾ ವಿವರಣೆ ಬರೆಯುವ ಕೆಲಸ ತಪ್ಪಿತು. ಆ ಹಲಗೆಗೆ ‘ಅಡ್ಡಹಲಗೆ’ ಅಂತ ಹೆಸರು ಕೊಟ್ಟಿದ್ದೇನೆ. ಪಾಪ, ‘ಅಡ್ಡ’ಕ್ಕೂ ಒಂದು ಜಾಗ ಸಿಗಲಿ.

ಮೊದಲು ‘ಸೈಕಲ್ಲಿಗೆ ಹೆಗಲು ಕೊಡಿ’ ಅಂತ ಬರೆದಿದ್ದೆ. ಓದಿದವರೊಬ್ಬರು “ಯಾರು ಹೋದ್ರು?” ಅಂತ ಕೇಳಿದರು. ಅಳಿಸಿದೆ.

ಕೆಸರಿನ ವಿಷಯದಲ್ಲಿ ಕನ್ನಡದ ಕೈ ಖಾಲಿ ಇಲ್ಲ. ಇಂಗ್ಲಿಷಿನವರು ‘ಪೀನಟ್ ಬಟರ್ ಮಡ್’ ಅಂತ ಏನೇನೋ ಹೋಲಿಕೆ ಹುಡುಕಬೇಕು. ನಮ್ಮಲ್ಲಿ ನೀರು ಜಾಸ್ತಿ ಇರುವ, ಚಕ್ರ ಹಾದರೆ ಮುಖಕ್ಕೆ ಎರಚುವ ಕೆಸರಿಗೆ ‘ರಾಡಿ’ ಇದೆ. ಇದರಲ್ಲಿ ಧೈರ್ಯವಾಗಿ ತುಳಿಯಬಹುದು. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನೇ ನಿಲ್ಲಿಸಿಬಿಡುವುದು ‘ಜಿಗುಟು ಮಣ್ಣು’. ಅಲ್ಲಿ ಇಳಿದು ಹೊತ್ತರೇ ಲಾಭ. ಕಾಲು ಕಣಕಾಲ ತನಕ ಹೂತುಹೋದರೆ ‘ಹುದುಲು’. ‘ಕೊಚ್ಚೆ’ ಮಾತ್ರ ಬೇಡ, ಅದಕ್ಕೆ ಚರಂಡಿಯ ನಾತ ಅಂಟಿಕೊಂಡಿದೆ. ನಾಲ್ಕಾರು ಸುತ್ತು ಆದಮೇಲೆ ಕೆಸರಿನಲ್ಲಿ ಚಕ್ರಗಳು ಕೊರೆದ ಗೆರೆ ಮೂಡುತ್ತದಲ್ಲ, ಅದು ‘ಜಾಡು’. ‘ಜಾಡು ಹಿಡಿ’ ಅನ್ನುವ ಮಾತನ್ನು ಇಲ್ಲಿ ಅಕ್ಷರಶಃ ಬಳಸಬಹುದು. ಜಾಡಿನೊಳಗೆ ಮುಂದಿನ ಚಕ್ರ ಇಳಿದ ಮೇಲೆ ಹ್ಯಾಂಡಲ್ ತಿರುಗಿಸೋಕೆ ಹೋದಿರೋ, ಅಡ್ಡಬಿದ್ದಿರಿ.

ಈ ಪದಗಳ ನಡುವಿನ ಗಡಿ ನಾನು ಹಾಕಿದ ಹಾಗೇ ನಿಮ್ಮ ಕಡೆಯೂ ಇದೆಯಾ ಅನ್ನೋದು ನನ್ನ ಒಂದು ಪ್ರಶ್ನೆ. ‘ರೊಜ್ಜು’ ಅನ್ನುವವರೂ ಇದ್ದೀರಿ. ಅದು ರಾಡಿಯ ಪಕ್ಕ ಕೂರುತ್ತದೋ, ಹುದುಲಿನ ಪಕ್ಕವೋ?

ಪಿಟ್ ಅನ್ನು ಪಿಟ್ ಅಂತಲೇ ಬಿಟ್ಟಿದ್ದೇನೆ. ಕೆಸರು ಮೆತ್ತಿದ ಸೈಕಲ್ ಕೊಟ್ಟು, ತೊಳೆದದ್ದನ್ನು ತೆಗೆದುಕೊಂಡು ಹೋಗುವ ಜಾಗ ಅದು. ‘ಗುಂಡಿ’ ಅಂದರೆ ಜನ ಹುಷಾರಾಗಿ ದೂರ ಹೋಗುತ್ತಾರೆ.

ಅಂಚಿನಲ್ಲಿ ನಿಂತ ಜನ ನಮ್ಮನ್ನು ಕೂಗಿ ಕೂಗಿ ರೇಗಿಸುವುದು ಈ ಆಟದ ಒಂದು ಸೊಗಸು. ಬಿದ್ದವರಿಗೆ “ಮಲಗೋ ಹೊತ್ತಲ್ಲ, ಏಳಿ” ಅನ್ನುವ ಥರ. ಇದಕ್ಕೆ ‘ಛೇಡಿಸು’ ಬೇಡ, ‘ಚುಡಾಯಿಸು’ ಖಂಡಿತ ಬೇಡ, ಅವು ಬೇರೆ ಕಡೆ ಹೋಗುತ್ತವೆ. ‘ಗೇಲಿ’ಯಲ್ಲಿ ಸ್ವಲ್ಪ ಕಹಿ ಇದೆ. ‘ಕಿಚಾಯಿಸು’ ಸರಿಯಾಗಿ ಕೂರುತ್ತದೆ, ಅದರಲ್ಲಿ ಸಲುಗೆ ಇದೆ.

ಈಗ ನನಗೆ ಖುಷಿ ಕೊಟ್ಟ ಪದ. ಹವ್ಯಾಸಿ ರೇಸುಗಳಲ್ಲಿ ಕಸುವಿನ ಮೇಲೆ ದರ್ಜೆ ಮಾಡುತ್ತಾರೆ. ಕೆಳಗಿನ ದರ್ಜೆಯಲ್ಲಿ ಚೆನ್ನಾಗಿ ಮಾಡಿದವರು ಮೇಲಿನದಕ್ಕೆ ಹೋಗಬೇಕು. ಕೆಲವರು ಹೋಗುವುದಿಲ್ಲ. ವರ್ಷಗಟ್ಟಲೆ ಹೊಸಬರ ಜೊತೆಯೇ ಇದ್ದು, ವಾರ ವಾರ ಮೊದಲ ಸ್ಥಾನ ಹೊಡೆಯುತ್ತಾರೆ. ಇಂಗ್ಲಿಷಿನಲ್ಲಿ ಇಂಥವರು ‘ಸ್ಯಾಂಡ್‌ಬ್ಯಾಗರ್’. ‘ಮರಳುಮೂಟೆ’ ಅಂದರೆ ಪ್ರವಾಹಕ್ಕೆ ಒಡ್ಡು ಕಟ್ಟೋ ನೆನಪಾಗುತ್ತದೆ. ‘ಸೋಗಲಾಡಿ’ ಹತ್ತಿರ ಬರುತ್ತದೆ, ಆದರೆ ಯಾವ ಸೋಗು ಅಂತ ಹೇಳುವುದಿಲ್ಲ. ಕೊನೆಗೆ ಮೈಗಳ್ಳ, ಕೆಲಸಗಳ್ಳ ನೆನಪಾದರು. ಮೈಗಳ್ಳ ಮೈ ಕದಿಯುವವನಲ್ಲ, ದುಡಿಮೆಯಿಂದ ಮೈ ತಪ್ಪಿಸುವವನು. ಕೆಲಸಗಳ್ಳ ಕೆಲಸ ತಪ್ಪಿಸುವವನು. ಹಾಗಿದ್ದರೆ ಬಡ್ತಿ ತಪ್ಪಿಸಿಕೊಳ್ಳುವವನು ‘ಬಡ್ತಿಗಳ್ಳ’! ಕೈಪಿಡಿಯ ಕರಡು ಓದಿದ ಇಬ್ಬರು ಈ ಪದ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಮನಸ್ಸಿಗೆ ಬಂದರು ಅಂತ ನಾನು ಕೇಳಲಿಲ್ಲ. ವ್ಯಾಕರಣದ ಕಡೆಯಿಂದ ಇದಕ್ಕೆ ಆಕ್ಷೇಪ ಇದ್ದರೆ ಹೇಳಿ, ಆದರೆ ದಯವಿಟ್ಟು ಕಸಿದುಕೊಳ್ಳಬೇಡಿ.

ಉಳಿದದ್ದು ಒಂದೇ, ಅದೇ ನನ್ನ ಮುಖ್ಯ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಆಫ್ ಕ್ಯಾಂಬರ್’ ಅನ್ನುವ ಜಾಗ. ನೀವು ಹೋಗುವ ದಿಕ್ಕಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ. ನೆಲ ಪಕ್ಕಕ್ಕೆ ಜಾರಿಕೊಂಡಿದೆ. ದಿಬ್ಬದ ಮಗ್ಗುಲಲ್ಲಿ ಅಗಲಕ್ಕೆ ಹೋದ ಹಾಗೆ. ಮೇಲಿನ ಕಡೆಯ ಪೆಡಲ್ ಎತ್ತಿ ಹಿಡಿದು, ಕೆಳಗಿನ ಕಡೆಯ ಪೆಡಲ್ ಮೇಲೆ ಭಾರ ಹಾಕಬೇಕು. ನಾನು ಹೋದ ಸಲ ತಿರುವು ಮುರುವು ಮಾಡಿದೆ. ಮೇಲಿನ ಪೆಡಲ್ ನೆಲಕ್ಕೆ ತಗುಲಿತು. ನಾನೊಂದು ಕಡೆ, ಸೈಕಲ್ ಇನ್ನೊಂದು ಕಡೆ. ಬೇಲಿಗೆ ಕಟ್ಟಿದ್ದ ಟೇಪು ನನ್ನ ಕುತ್ತಿಗೆಯಲ್ಲಿ, ಹಾರದ ಹಾಗೆ.

ಇದಕ್ಕೆ ‘ಇಳಿಜಾರು’ ಅಂದರೆ ಜನ ಮುಂದಕ್ಕೆ ಇಳಿಯುವುದು ಅಂದುಕೊಳ್ಳುತ್ತಾರೆ. ‘ಓರೆ ನೆಲ’ ಆಗಬಹುದು, ಆದರೆ ಓರೆ ಅಂದಾಗ ನನಗೆ ಕಾಣುವುದು ಗೆರೆ, ನೆಲ ಅಲ್ಲ. ‘ಮಗ್ಗುಲಿಳಿಜಾರು’ ಅರ್ಥಕ್ಕೆ ಸರಿ, ಆದರೆ ಓಡುತ್ತಾ ಕೂಗಿ ಹೇಳೋಕೆ ಬಾಯಿ ಸಾಲದು. ಸದ್ಯಕ್ಕೆ ‘ವಾಲುನೆಲ’ ಅಂತ ಬರೆದಿದ್ದೇನೆ. ಗೋಡೆ ವಾಲಿದೆ, ಮರ ವಾಲಿದೆ ಅನ್ನುತ್ತೇವೆ, ನಿಂತದ್ದು ವಾಲುತ್ತದೆ. ಮಲಗಿರುವ ನೆಲ ವಾಲುತ್ತದಾ ಅನ್ನೋದೇ ನನ್ನ ಅನುಮಾನ. ಹೊಲ ಉಳುವವರಿಗೆ, ಒಡ್ಡು ಹಾಕುವವರಿಗೆ, ರಸ್ತೆ ಕೆಲಸದವರಿಗೆ ಇಂಥ ನೆಲ ದಿನಾ ಕಾಣುತ್ತದೆ. ಅವರ ಬಾಯಲ್ಲಿ ಒಂದು ಪದ ಇದ್ದೇ ಇರಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಕಡೆ ಇದಕ್ಕೆ ಏನಂತಾರೆ? ಎರಡು ಅಕ್ಷರದ್ದು ಸಿಕ್ಕರೆ ಇನ್ನೂ ಒಳ್ಳೇದು. ಬೀಳೋಕೆ ಮುಂಚೆ ಕೂಗಿ ಮುಗಿಸಬೇಕಲ್ಲ.