ಮಿಲಿಟರಿ ಸ್ಟೈಲ್ ಚಳಿಗಾಲದ ಕೋಟು ತಗೋಬೇಕು, ಹಾಕಿ ನೋಡಿರೋರು ಹೇಳಿ

ಪೀ ಕೋಟ್, ಡಫಲ್, ಟ್ರೆಂಚ್ ಅಂತ ನೋಡಿ ನೋಡಿ ತಲೆ ಕೆಟ್ಟೋಗಿದೆ. ಆಫೀಸಿಗೂ ಆಗ್ಬೇಕು, ಚಳಿನೂ ತಡೀಬೇಕು, ವರ್ಷಗಟ್ಟಲೆ ಬಾಳಿಕೆ ಬರ್ಬೇಕು. ಯಾವ್ದು ತಗೊಳ್ಲಿ?

ನನ್ನ ಓಟು ಪೀ ಕೋಟಿಗೆ, ಆದ್ರೆ ಬಟ್ಟೆ ದಪ್ಪ ಇದ್ರೆ ಮಾತ್ರ. ಅಮೆರಿಕದ ನೌಕಾಪಡೆಯ ಹಳೇ ಪೀ ಕೋಟುಗಳಿಗೆ ಗಜಕ್ಕೆ 30 ಔನ್ಸ್ ಆಸುಪಾಸು ತೂಗೋ ಉಣ್ಣೆ ಹಾಕ್ತಿದ್ರು, ಹಡಗಿನ ಡೆಕ್ ಮೇಲೆ ಗಾಳಿಗೆ ನಿಲ್ಲೋರಿಗೆ ಅಂತ್ಲೇ ಮಾಡಿದ್ದು, ಎದೆ ಮೇಲೆ ಎರಡು ಪದರ ಬರೋ ಹಾಗೆ ಗುಂಡಿ ಇಟ್ಟಿರೋದೂ ಅದಕ್ಕೇ. ಈಗ ಬರೋ ಎಷ್ಟೋ ಕೋಟಲ್ಲಿ ಲಂಗರಿನ ಗುಂಡಿ ಏನೋ ಇರುತ್ತೆ, ಬಟ್ಟೆ ಮುಟ್ಟಿದ್ರೆ ಶಾಲಿನಷ್ಟು ತೆಳ್ಳಗೆ. ಒಳಗಿನ ಲೇಬಲ್ ಓದಿ, ಉಣ್ಣೆ 80% ಆದ್ರೂ ಇರ್ಲಿ. ಕಾಲರ್ ಎತ್ತಿ ಗುಂಡಿ ಹಾಕಿ ನೋಡಿ, ಕುತ್ತಿಗೆ ಪೂರ್ತಿ ಮುಚ್ಚಬೇಕು.

ಆಫೀಸಿಗೆ ಸೂಟ್ ಹಾಕ್ತೀರಾ? ಹಾಗಾದ್ರೆ ಪೀ ಕೋಟ್ ಬೇಡ, ಅದು ಸೊಂಟದ ಸ್ವಲ್ಪ ಕೆಳಗೇ ಮುಗಿಯುತ್ತೆ, ಸೂಟಿನ ಅಂಚು ಕೆಳಗೆ ಇಣುಕ್ತಾ ಇರುತ್ತೆ, ನೋಡೋಕೆ ಚೆನ್ನಾಗಿರಲ್ಲ.

ಹೌದು, ವಾರದಲ್ಲಿ ಎರಡು ಮೂರು ದಿನ ಸೂಟ್ ಇರುತ್ತೆ. ಮಳೆನೂ ಬರುತ್ತೆ.

ಹಾಗಿದ್ರೆ ಬ್ರಿಟಿಷ್ ವಾರ್ಮ್ ಅನ್ನೋ ಓವರ್‌ಕೋಟ್ ನೋಡಿ ಸರ್. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಆಫೀಸರ್‌ಗಳು ಹಾಕ್ತಿದ್ದಿದ್ದು, ದಪ್ಪ ಉಣ್ಣೆ, ಮಂಡಿ ಹತ್ರದವರೆಗೆ ಉದ್ದ, ಹೆಗಲ ಮೇಲೆ ಪಟ್ಟಿ, ಸೂಟ್ ಮೇಲೆ ತುಂಬಾ ಗಂಭೀರವಾಗಿ ಕಾಣುತ್ತೆ. ಸೂಟ್ ಹಾಕ್ಕೊಂಡೇ ಟ್ರಯಲ್ ನೋಡಿ, ಇಲ್ಲಾಂದ್ರೆ ಸೈಜ್ ಗೊತ್ತೇ ಆಗಲ್ಲ. ಮುಖ್ಯವಾಗಿ ಹೆಗಲು ಸರಿಯಾಗಿ ಕೂತಿರ್ಬೇಕು, ಯಾಕಂದ್ರೆ ತೋಳಿನ ಉದ್ದ, ಗುಂಡಿ ಇದನ್ನೆಲ್ಲ ಟೈಲರ್ ಸರಿ ಮಾಡ್ತಾರೆ, ಹೆಗಲು ಬಿಚ್ಚಿ ಹೊಲಿಯೋದು ದೊಡ್ಡ ಕೆಲಸ, ಎಲ್ಲರೂ ಒಪ್ಕೊಳ್ಳೋದೂ ಇಲ್ಲ. ಎರಡೂ ಕೈ ಮುಂದೆ ಚಾಚಿ ನೋಡಿ, ಬೆನ್ನು ಬಿಗಿದ್ರೆ ಒಂದು ಸೈಜ್ ಮೇಲಕ್ಕೆ ಹೋಗಿ.

ಟ್ರೆಂಚ್ ಕೋಟ್ ಮಳೆಗೆ ಸರಿ, ಕೊರೆಯೋ ಚಳಿಗಲ್ಲ. ಅದು ಹತ್ತಿಯ ಗ್ಯಾಬರ್ಡಿನ್, ಅಂದ್ರೆ ಒತ್ತಾಗಿ ನೇಯ್ದ ಬಟ್ಟೆ, ಒಳಗೆ ಬಿಚ್ಚಿ ಹಾಕೋ ಉಣ್ಣೆ ಲೈನಿಂಗ್ ಇದ್ರೆ ಸ್ವಲ್ಪ ನಡೆಯುತ್ತೆ.

ಡಫಲ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ! ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯವ್ರು ಹಾಕ್ತಿದ್ದಿದ್ದು, ಬ್ರಿಟಿಷ್ ಸೇನೆಯ ಜನರಲ್ ಮಾಂಟ್‌ಗೊಮರಿನೂ ಹಾಕ್ತಿದ್ರು. ಕ್ಯಾಪ್ ಮೇಲೇ ಎಳ್ಕೊಳ್ಳೋಷ್ಟು ದೊಡ್ಡ ಟೊಪ್ಪಿ (ಹುಡ್), ಗ್ಲೌಸ್ ತೆಗೀದೇ ಹಾಕ್ಬಹುದಾದ ಮರದ ಉದ್ದ ಗುಂಡಿ. ಸೂಟಿಗೆ ಸೇರಲ್ಲ, ಜೀನ್ಸ್ ದಿನಗಳಿಗೆ ಇದ್ರ ಮುಂದೆ ಬೇರೇನೂ ಬೇಡ ನನಗೆ.

ಯಾವ್ದೇ ತಗೊಳ್ಳಿ, ಉಣ್ಣೆ ಒದ್ದೆ ಆದ್ರೆ ಹೀಟರ್ ಹತ್ರ ಮಾತ್ರ ಇಡ್ಬೇಡಿ. ಅಗಲವಾದ ಹ್ಯಾಂಗರಿಗೆ ಹಾಕಿ ಗಾಳಿಗೆ ಬಿಡಿ, ಒಣಗಿದ್ಮೇಲೆ ಬ್ರಷ್ ಮಾಡಿ.