ಹಳೇ ಗಾಸ್ಪೆಲ್ 45ಗಳು: ಇಸವಿ ಪತ್ತೆ ಮಾಡೋದು ಹೇಗೆ?

ಶಶಿ_ಟೆನೆಸ್ಸೀ:
ಅಮೆರಿಕದ ಮೆಂಫಿಸ್‌ನಲ್ಲಿ ಒಂದು ಮನೆ ಖಾಲಿ ಮಾಡೋವಾಗ ಹಳೇ ಸಾಮಾನೆಲ್ಲ ಮಾರ್ತಿದ್ರು, ಒಂದು ಡಬ್ಬ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು ತಿರುಗೋ) ರೆಕಾರ್ಡ್ ತಗೊಂಡೆ. ಬಹುಪಾಲು ಆಫ್ರಿಕನ್-ಅಮೆರಿಕನ್ ಚರ್ಚುಗಳ ಗಾಸ್ಪೆಲ್, ಅಂದ್ರೆ ಕ್ರೈಸ್ತ ಭಕ್ತಿಗೀತೆ. ಕೆಲವದರ ಮೇಲೆ 'ಡಿಸೈನರ್' ಅಂತಿದೆ. ಒಂದರಲ್ಲಂತೂ ಊರಿಲ್ಲ, ಇಸವಿ ಇಲ್ಲ, ಬರೀ ಹಾಡುವ ಗುಂಪಿನ ಹೆಸರು, ಪಾಸ್ಟರ್ (ಚರ್ಚಿನ ಪಾದ್ರಿ) ಹೆಸರು. ಗಿಟಾರ್ ಶ್ರುತಿ ಆಚೀಚೆ ಇದ್ರೂ ಅದರಲ್ಲಿ ಹಾಡಿರೋ ಹೆಂಗಸಿನ ಕಂಠ ಕೇಳಿ ಎರಡು ರಾತ್ರಿ ಅದನ್ನೇ ಹಾಕ್ಕೊಂಡು ಕೂತಿದೀನಿ. ನೆಟ್‌ನಲ್ಲಿ ಏನೂ ಸಿಗ್ತಿಲ್ಲ. ಇವೆಲ್ಲ ಯಾವ ಕಂಪನಿ?

ಸೂಜಿಮೊನೆ:
ಶಶಿ ಅವರೇ, ಡಿಸೈನರ್ ಸಿಕ್ಕಿದ್ದು ನಿಮ್ಮ ಪುಣ್ಯ. ಆದ್ರೆ ದೊಡ್ಡ ಕಂಪನಿ ಅಂದ್ಕೋಬೇಡಿ. ಮೆಂಫಿಸ್‌ನ ಸ್ಟೈಲ್ ವೂಟನ್ ನಡೆಸ್ತಿದ್ದ ವ್ಯವಹಾರ ಅದು. ದುಡ್ಡು ಕಟ್ಟಿದ ಗುಂಪಿಗೆ ಸ್ಟುಡಿಯೋ, ಆಮೇಲೆ ಒಂದಷ್ಟು ರೆಕಾರ್ಡು. ಎಷ್ಟೋ ಹಾಡುಗಳನ್ನ ರೆಕಾರ್ಡ್ ಮಾಡಿದ್ದು ಸಾನಿಕ್ ಸ್ಟುಡಿಯೋದ ರೋಲಂಡ್ ಜೇನ್ಸ್, ಸನ್ ರೆಕಾರ್ಡ್ಸ್ ಕಂಪನಿಯಲ್ಲಿ ರಾಕ್ ಅಂಡ್ ರೋಲ್ ಗಾಯಕ ಜೆರ್ರಿ ಲೀ ಲೂಯಿಸ್‌ಗೆ ಗಿಟಾರ್ ನುಡಿಸಿದವರೇ. ಇಂಥ ರೆಕಾರ್ಡನ್ನ ಗುಂಪಿನವರೇ ಕಾರ್ಯಕ್ರಮ ಮುಗಿದ ಮೇಲೆ ಕೈಯಲ್ಲಿ ಹಿಡ್ಕೊಂಡು ಮಾರ್ತಿದ್ರು. ಅಂಗಡಿಗೆ ಹೋಗಿದ್ದೇ ಕಮ್ಮಿ, ಹಾಗಾಗಿ ಸುಳಿವೂ ಕಮ್ಮಿ.

ದುಡ್ಡು ಕೊಟ್ಟು ಮಾಡಿಸ್ಕೊಂಡಿದ್ದು ಅಂತ ಮೂಗು ಮುರಿಯೋರಿದ್ದಾರೆ. ನಂಗೆ ಅದೇ ಇಷ್ಟ. 'ಇದು ಓಡಲ್ಲ, ಡ್ರಮ್ಸ್ ಬದಲಾಯಿಸಿ' ಅನ್ನೋ ಥರದ ಯಜಮಾನ ಅಲ್ಲಿಲ್ಲ, ಭಾನುವಾರ ಹಾಡಿದ ಹಾಗೇ ಇಲ್ಲೂ ಹಾಡಿದಾರೆ. 2014ರಲ್ಲಿ ಬಿಗ್ ಲೀಗಲ್ ಮೆಸ್ ಅನ್ನೋ ರೆಕಾರ್ಡ್ ಕಂಪನಿ ಡಿಸೈನರ್ ಹಾಡುಗಳ ನಾಲ್ಕು ಸಿಡಿ ಸೆಟ್ ತಂದಿದೆ, ನಿಮ್ಮ ಗುಂಪುಗಳನ್ನ ಅಲ್ಲೊಮ್ಮೆ ಹುಡುಕಿ.

ಊರು, ಇಸವಿ ಇಲ್ಲದ್ದಕ್ಕೆ ನಡುವಿನ ಕಾಗದದ ಲೇಬಲ್ ನೋಡ್ಬೇಡಿ. ಹಾಡಿನ ಗೆರೆ ಮುಗಿದ ಮೇಲೆ ಲೇಬಲ್ ಸುತ್ತ ನುಣುಪಾದ ಜಾಗ ಇರುತ್ತಲ್ಲ, ಅಲ್ಲಿ ಟಾರ್ಚ್ ಓರೆಯಾಗಿ ಹಿಡಿರಿ. ಏನು ಕೆತ್ತಿದೆ ಹೇಳಿ.

ಶಶಿ_ಟೆನೆಸ್ಸೀ:
'ಟಿಕೆ4ಎಂ', ಆಮೇಲೆ ನಾಲ್ಕು ಅಂಕಿ.

ಸೂಜಿಮೊನೆ:
ಬಂತು ನೋಡಿ! ಆರ್‌ಸಿಎ ಅನ್ನೋ ದೊಡ್ಡ ರೆಕಾರ್ಡ್ ಕಂಪನಿ ಹೊರಗಿನವರಿಗೆ ಅಚ್ಚೊತ್ತಿ ಕೊಡ್ತಿದ್ದ ಮಾಲು. ಮೊದಲ ಅಕ್ಷರವೇ ವರ್ಷ: 1964ಕ್ಕೆ ಆರ್, 65ಕ್ಕೆ ಎಸ್, 66ಕ್ಕೆ ಟಿ, 67ಕ್ಕೆ ಯು. ನಿಮ್ಮದು 1966. ಹಾಡಿದ್ದು ಸ್ವಲ್ಪ ಮುಂಚೆಯೂ ಇರಬಹುದು.

ಮಮತಾ_ಎಚ್:
ಶಶಿ, ಡಬ್ಬದಲ್ಲಿ ನ್ಯಾಷ್‌ಬೊರೊ ಕಂಪನಿಯ ರೆಕಾರ್ಡ್ ಇದೆಯಾ? ಅದರ ಕಥೆ ಬೇರೆ. ನ್ಯಾಷ್‌ವಿಲ್‌ನಲ್ಲಿ ಎರ್ನಿ ಯಂಗ್ ಶುರು ಮಾಡಿದ್ದು, ಅವರದೇ ರೆಕಾರ್ಡ್ ಅಂಗಡಿ ಇತ್ತು. ರಾತ್ರಿ ಡಬ್ಲ್ಯುಎಲ್‌ಎಸಿ ರೇಡಿಯೋದಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ ಕಳಿಸ್ತಿದ್ರು, ಹಾಗಾಗಿ ಅವು ಊರೂರಲ್ಲೂ ಸಿಗ್ತವೆ. ಅಪರೂಪ ಅಂದ್ರೆ ನಿಮ್ಮ ಪಾಸ್ಟರ್ ರೆಕಾರ್ಡೇ. ಮಾರೋ ಮುಂಚೆ ಟೆಕ್ಸಸ್‌ನ ವೇಕೋದಲ್ಲಿರೋ ಬೇಲರ್ ವಿಶ್ವವಿದ್ಯಾಲಯಕ್ಕೆ ಬರೀರಿ. 2005ರಲ್ಲಿ ಅಲ್ಲಿ ಪಾಠ ಮಾಡ್ತಿದ್ದ ರಾಬರ್ಟ್ ಡಾರ್ಡನ್ ಪತ್ರಿಕೆಯಲ್ಲಿ ಈ ರೆಕಾರ್ಡುಗಳು ಕಳೆದುಹೋಗ್ತಿವೆ ಅಂತ ಬರೆದಿದ್ರು, ಅದನ್ನ ಓದಿ ಒಬ್ಬರು ಹಣ ಕೊಟ್ಟಿದ್ದರಿಂದ ಅಲ್ಲಿ ಡಿಜಿಟಲ್ ಮಾಡೋ ಕೆಲಸ ಶುರುವಾಯ್ತು. ಎರವಲು ಕೊಟ್ರೂ ತಗೋತಾರೆ.

ಶಶಿ_ಟೆನೆಸ್ಸೀ:
ಬರೀತೀನಿ ಮೇಡಂ. ತಳದಲ್ಲಿ ಭಾರದ 78 ಆರ್‌ಪಿಎಂ ರೆಕಾರ್ಡ್ ಕೂಡ ಇವೆ, ಧೂಳು ಮೆತ್ಕೊಂಡಿದೆ. ಸ್ಪಿರಿಟ್ ಹಾಕಿ ಒರೆಸ್ಲಾ?

ಸೂಜಿಮೊನೆ:
ಅಯ್ಯೋ ಬೇಡ! ಅದು ಅರಗು, ಸ್ಪಿರಿಟ್‌ಗೆ ಕರಗುತ್ತೆ. ಬಟ್ಟಿ ಇಳಿಸಿದ ನೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ. ಲೇಬಲ್‌ಗೆ ಮಾತ್ರ ನೀರು ತಾಗಿಸ್ಬೇಡಿ.