ಅಪ್‌ಡೇಟ್: ಪುಟ್ಟಿಯ ಹಾಡು ಈಗ ಕೊನೇ ಸಾಲಿಗೂ ಕೇಳುತ್ತಿದೆ

ತುಮಕೂರಿನ ನಮ್ಮ ಮಕ್ಕಳ ಸಂಗೀತ ನಾಟಕದಲ್ಲಿ ಅಮ್ಮನ ಸೆರಗು ಬಿಡದ ನಾಚಿಕೆಯ ಪುಟ್ಟಿಯ ಹಾಡು ಪ್ರೇಕ್ಷಕರ ಮೂರನೇ ಸಾಲು ದಾಟುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಮಸ್ಕಾರ.

ಮೊದಲು ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯೇ ಸ) ತಾರಸ್ಥಾಯಿ ಗಾಂಧಾರಕ್ಕೆ, ಅಂದರೆ ಮೇಲಿನ ಗ ಸ್ವರಕ್ಕೆ, ಹುಡುಗಿಯ ಗಂಟಲು ಕಟ್ಟುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಕೆಳಗಿನ ಕಪ್ಪು ನಾಲ್ಕಕ್ಕೆ ಇಳಿಸಿದರು. ಆಗ ಪಲ್ಲವಿಯ ಮಂದ್ರ ಪಂಚಮ (ಕೆಳಗಿನ ಪ) ಬರೀ ಗಾಳಿಯಾಯಿತು. ಆ ಒಂದು ಸಾಲನ್ನು ಮಧ್ಯ ಷಡ್ಜದಿಂದ (ನಡುವಿನ ಸ) ಎತ್ತಿಸಿದೆವು.

ನಿಜವಾದ ತಪ್ಪು ನಿರ್ದೇಶನದಲ್ಲಿತ್ತು. ನಾಚಿಕೆ ಎಂದರೆ ತಲೆ ತಗ್ಗಿಸು ಎಂದಿದ್ದೆವು. ಗದ್ದ ಎದೆಗೆ ತಾಗಿದರೆ ದನಿ ನೆಲಕ್ಕೇ ಹೋಗುತ್ತದೆ. ಈಗ ನಾಚಿಕೆಯೆಲ್ಲ ಕೈಕಾಲಿನಲ್ಲಿ: ಎಡಗೈ ಬೆರಳಿಗೆ ಲಂಗದ ಅಂಚು ಸುತ್ತಿಕೊಳ್ಳುತ್ತಾಳೆ, ಬಲಗಾಲ ಹೆಬ್ಬೆರಳು ನೆಲ ಗೀರುತ್ತದೆ, ಮುಖ ಮಾತ್ರ ಎತ್ತಿಯೇ ಇರುತ್ತದೆ. ಚರಣಗಳ ನಡುವೆ ಹಾರ್ಮೋನಿಯಂ ನುಡಿಯುವ ನಾಲ್ಕು ಆವರ್ತದಲ್ಲಷ್ಟೇ (ತಾಳದ ನಾಲ್ಕು ಸುತ್ತು) ತಲೆ ತಗ್ಗುವುದು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆಯವರಾದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಮೈಕಿಲ್ಲದ ಕಾಲದ ನಟರು ಮುಖ ಎತ್ತಿಯೇ ಹಾಡಬೇಕಿತ್ತು.

ಕಾಲರ್ ಮೈಕ್ ಎದೆಯ ಮೇಲಿದ್ದಾಗ ಜಡೆ ಉಜ್ಜಿ ಕರಕರ ಎನ್ನುತ್ತಿತ್ತು. ಹಣೆಯ ಕೂದಲಂಚಿಗೆ ಮೆಡಿಕಲ್ ಟೇಪಿನಿಂದ ಅಂಟಿಸಿದ ಮೇಲೆ ಆ ಸದ್ದು ನಿಂತಿತು. ಮೇಕಪ್ಪಿಗೆ ಮುಂಚೆ, ಬೆವರು ಒರೆಸಿಯೇ ಅಂಟಿಸಿ. ಪೌಡರಿನ ಮೇಲೆ ಟೇಪು ಹಿಡಿಯುವುದಿಲ್ಲ.